ಕುರಿಯ ಮುಂದೆ ಬೀಳುವ ಕಲ್ಲು

ನವೆಂಬರ್ 3, ಸೋಮವಾರ

ಜಗಳ ಆಡಲು ಯಾರೂ ಸಿಗದ ದಿನ ಬರೆಯುವುದು ನನ್ನ ಅಭ್ಯಾಸ. ಇವತ್ತು ಜಗಳಕ್ಕೆ ಜನ ಇದ್ದರು, ಬಾಯಿ ಬಿಡುವ ಹಾಗಿರಲಿಲ್ಲ. ಚಿತ್ರದುರ್ಗದಲ್ಲಿ ಕಬಡ್ಡಿ ಸಂಘದ ಕಾರ್ಯದರ್ಶಿ ಮುರುಗೇಶಪ್ಪನವರ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದೆ. ಆಗಸ್ಟ್‌ನಲ್ಲಿ ಹೊಸದುರ್ಗದ ಪಂದ್ಯದಲ್ಲಿ ಅಂಪೈರ್ ಕೆನ್ನೆಗೆ ಬಾರಿಸಿದ್ದಕ್ಕೆ ನನಗೆ ಒಂದು ವರ್ಷ ನಿಷೇಧ. ಹೊಡೆದದ್ದು ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ಅವನು ಕೊಟ್ಟ ತೀರ್ಪು ತಪ್ಪು ಎಂದು ಒಬ್ಬನೂ ಹೇಳುವುದಿಲ್ಲ.

"ನೋಡಪ್ಪ ಬಸವೇಶ," ಎಂದರು ಮುರುಗೇಶಪ್ಪ. "ನಿಮ್ಮ ಹಿರಿಯೂರಾಗೆ ಬುದ್ಧಿ ಬೆಳವಣಿಗೆ ಕಡಿಮೆ ಇರೋರ ಶಾಲೆ ಐತೆ. ಜೋಡಿ ಆಟಕ್ಕೆ ಒಬ್ಬ ಬೇಕಂತೆ. ಅವರ ಕಡೆಯಿಂದ ಒಬ್ಬ, ಹೊರಗಿನೋನು ಒಬ್ಬ. ನೆಟ್ಟಗೆ ಆಡಿ ಗೆದ್ದು ತೋರ್ಸು. ಸಮಿತಿ ಮುಂದೆ ಮಾತಾಡಾಕೆ ನನಗೂ ಬಾಯಿ ಬರ್ತೈತೆ. ಹೊಸ ವರ್ಷಕ್ಕೆ ನಿನ್ನ ಬ್ಯಾನ್ ತಗಿಸ್ತೀನಿ."

ಹೂಂ ಎಂದೆ. ನನಗೆ ಬೇಕಾದದ್ದು ಕಬಡ್ಡಿ ಅಂಕಣ. ಅದಕ್ಕಾಗಿ ಗೋಲಿ ಆಡು ಎಂದರೂ ಆಡುತ್ತೇನೆ. ಆಮೇಲೆ ವಿಚಾರಿಸಿದರೆ, ಅದು ನಿಜಕ್ಕೂ ಗೋಲಿಯಂಥದ್ದೇ ಆಟವಂತೆ. ನಮ್ಮ ಹಿಂಡಿ-ಬೂಸಾ ಅಂಗಡಿಯಲ್ಲಿ ಅಪ್ಪ ಇದನ್ನು ಕೇಳಿ, ಗಿರಾಕಿಯ ಎದುರಿಗೇ ನಕ್ಕರು.

ನವೆಂಬರ್ 5, ಬುಧವಾರ

ಆಟದ ಹೆಸರು ಬೋಚಿ. ಮೊದಲು ಒಂದು ಚಿಕ್ಕ ಬಿಳಿ ಚೆಂಡನ್ನು ಉರುಳಿಸಿ ಬಿಡುತ್ತಾರೆ. ಆಮೇಲೆ ಎರಡೂ ಜೋಡಿಯವರು ದೊಡ್ಡ ಗಟ್ಟಿ ಚೆಂಡುಗಳನ್ನು ಉರುಳಿಸುತ್ತಾರೆ. ಬಿಳಿಯದಕ್ಕೆ ಯಾರ ಚೆಂಡು ಹತ್ತಿರವೋ ಅವರಿಗೆ ಅಂಕ. ಎದುರಾಳಿಯ ಚೆಂಡಿಗೆ ಹೊಡೆದು ದೂರ ಓಡಿಸಲೂಬಹುದು. ಇಷ್ಟೇ. ಬೆವರೇ ಬರದ ಇದನ್ನು ಆಟ ಎಂದು ಕರೆಯಲು ನನಗೆ ಸ್ವಲ್ಪ ಕಷ್ಟವಾಯಿತು.

ಕಲಿಸುವವರು ಮೀನಾಕ್ಷಿ ಮೇಡಂ. ಸಣ್ಣ ಆಳು, ದೊಡ್ಡ ಗಂಟಲು. ನನ್ನ ಜೋಡಿ ಬಾಲರಾಜು, ಐಮಂಗಲದ ಹತ್ತಿರದ ಒಂದು ಹಟ್ಟಿಯವನು. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಆದರೂ ನೋಡಿದ ಕೂಡಲೇ ಬಸಣ್ಣ ಎಂದ. ಉದ್ದ ಕೈಕಾಲು, ಹೆಗಲ ಮೇಲೆ ಕಂಬಳಿ. ಒಟ್ಟಿಗೆ ಎರಡು ವಿಷಯ ಹೇಳಿದರೆ ಎರಡನೆಯದು ಅವನನ್ನು ತಲುಪುವುದಿಲ್ಲ. ಹೆಸರು ಬರೆಯಲು ಬರುವುದಿಲ್ಲ. ಮಾತಾಡುವಾಗ ನನ್ನ ಮುಂಗೈ ಹಿಡಿದುಕೊಂಡೇ ಇರುತ್ತಾನೆ, ಬಿಡಿಸಿಕೊಂಡರೆ ಮತ್ತೆ ಹಿಡಿಯುತ್ತಾನೆ. ಬುಧವಾರ, ಶುಕ್ರವಾರ ಅವನ ಅವ್ವ ಯಲ್ಲಕ್ಕ ಬಸ್ಸಿನಲ್ಲಿ ಕರೆತರುತ್ತಾರೆ.

"ಮಿಕ್ಕಿದ ದಿನ ಏನ್ ಮಾಡ್ತಾನೆ?" ಎಂದು ಕೇಳಿದೆ.

"ಕುರಿ ಕಾಯ್ತಾನಪ್ಪ. ಮನೆ ಕುರಿ ಎಲ್ಲಾ ಇವನ ಕೈಯಾಗೇ ಅವೆ. ಬೇರೆ ಎಲ್ಲಾದಕ್ಕೂ ಒಬ್ರು ಹೇಳ್ಬೇಕು. ಅದೊಂದ್ರಾಗೆ ಯಾರೂ ಹೇಳಂಗಿಲ್ಲ," ಎಂದು ಆಕೆ ಹೆಮ್ಮೆಯಿಂದ ಮಗನ ಬೆನ್ನು ತಟ್ಟಿದರು.

ಬಾಲರಾಜು ಚೆಂಡು ಬಿಟ್ಟ. ಬಿಳಿ ಚೆಂಡಿನ ಪಕ್ಕಕ್ಕೆ ಹೋಗಿ ನಿಂತಿತು. ಇನ್ನೊಂದು ಬಿಟ್ಟ. ಅದೂ ಹೋಗಿ ಅಲ್ಲೇ ನಿಂತಿತು. ನನಗೆ ಒಳಗೊಳಗೇ ನಗು ಬಂತು. ಮುರುಗೇಶಪ್ಪನವರೇ, ನನ್ನ ಜರ್ಸಿ ಒಗೆಸಿ ಇಡಿ.

ನವೆಂಬರ್ 12, ಬುಧವಾರ

ತಲೆ ಕೆಟ್ಟು ಹೋಯಿತು. ಎದುರಾಳಿಯ ಚೆಂಡು ಬಿಳಿಯದಕ್ಕೆ ಅಂಟಿಕೊಂಡು ನಿಂತರೆ ಅದನ್ನು ಹೊಡೆದು ಎಬ್ಬಿಸಬೇಕು, ಬೇರೆ ದಾರಿಯಿಲ್ಲ. ನನಗೆ ಅಷ್ಟು ಗುರಿ ಇಲ್ಲ. ಗುರಿ ಇರುವ ಬಾಲರಾಜು ಹೊಡೆಯುವುದಿಲ್ಲ. ಅವನ ಚೆಂಡು ನೇರವಾಗಿ ಹೋಗಿ, ಕೊನೆಗೆ ಎದುರಾಳಿಯ ಚೆಂಡಿಗೆ ಒಂದು ಗೇಣು ಪಕ್ಕದಲ್ಲಿ ನಿಲ್ಲುತ್ತದೆ. ಎಷ್ಟು ಸಲ ಹೇಳಿದರೂ ಅಷ್ಟೇ. ನಾನು ಕೂಗಾಡಿದೆ, ಅವನು ನಕ್ಕ.

ನೆರಳಲ್ಲಿ ಕೂತಿದ್ದ ಯಲ್ಲಕ್ಕ ಎದ್ದು ಬಂದರು. "ಅವನು ತಾಗ್ಸಂಗಿಲ್ಲಪ್ಪ. ಕುರಿ ಅಡ್ಡ ನುಗ್ಗಿದ್ರೆ ಅದರ ಮುಂದೆ ಕಲ್ಲು ಬೀಳ್ಬೇಕು, ಅದು ಬೆದರಿ ತಿರುಗ್ತೈತೆ. ಕುರಿಗೆ ತಾಗಬಾರ್ದು. ನಮ್ಮ ಮನ್ಯಾಗೆ ಕಲ್ಲು ತಾಗಿಸ್ದೋನ ಕೈಗೆ ಕುರಿ ಬಿಡಾದಿಲ್ಲ. ಇವನು ಸಣ್ಣೋನಿದ್ದಾಗ ಅವರಪ್ಪ ಕಲಿಸಿದ್ದು. ಅಪ್ಪ ಸತ್ತರೂ ಮರ್ತಿಲ್ಲ ನೋಡು."

"ಇದು ಕುರಿ ಅಲ್ಲಮ್ಮ, ಚೆಂಡು," ಎಂದೆ.

"ಅದು ನಿನಗೆ ಗೊತ್ತು," ಎಂದು ಆಕೆ ಮತ್ತೆ ನೆರಳಿಗೆ ಹೋದರು.

ಜಿಲ್ಲಾ ಪಂದ್ಯ ಡಿಸೆಂಬರ್ ಆರಕ್ಕೆ. ಅಷ್ಟರಲ್ಲಿ ಇವನಿಗೆ ಹೊಡೆಯುವುದನ್ನು ಕಲಿಸದಿದ್ದರೆ ನನ್ನ ಹೆಸರು ಬಸವೇಶನೇ ಅಲ್ಲ.

ನವೆಂಬರ್ 19, ಬುಧವಾರ

ಕಲಿತ! ಕಲಿಸಿದೆ!

ಬೈಗುಳ ಅವನಿಗೆ ನಾಟುವುದಿಲ್ಲ ಎಂದು ಹೋದ ವಾರವೇ ಗೊತ್ತಾಗಿತ್ತು. ಅದಕ್ಕೆ ಇವತ್ತು ಬೈಯಲಿಲ್ಲ. ಹೊಡಿ ಎಂದಾಗ ಹೊಡೆಯದಿದ್ದರೆ ಮುಖ ತಿರುಗಿಸಿ ನಿಂತೆ. ಕೈ ಹಿಡಿಯಲು ಬಂದರೆ ಕೈ ಹಿಂದಕ್ಕೆ ಕಟ್ಟಿಕೊಂಡೆ. ಬಸಣ್ಣ ಎಂದರೆ ಓಗೊಡಲಿಲ್ಲ. ಸ್ವಲ್ಪ ಹೊತ್ತು ನನ್ನ ಸುತ್ತಲೇ ತಿರುಗಿದ. ಆಮೇಲೆ ನೀರಿನ ತೊಟ್ಟಿಯ ಹಿಂದೆ ಹೋಗಿ ಅತ್ತ. ಯಲ್ಲಕ್ಕ ಸಂತೆಗೆ ಹೋಗಿದ್ದರು, ಅದೂ ಒಳ್ಳೆಯದೇ ಆಯಿತು.

ಕಣ್ಣೊರೆಸಿಕೊಂಡು ಬಂದವನು ಚೆಂಡು ಎತ್ತಿಕೊಂಡ. ನಾನು ಎದುರಾಳಿಯದೆಂದು ಇಟ್ಟಿದ್ದ ಹಸಿರು ಚೆಂಡು ತೋರಿಸಿ "ಹೊಡಿ" ಎಂದೆ. ಹೊಡೆದ. ಚಟ್ಟನೆ ಸದ್ದಾಯಿತು, ಹಸಿರು ಚೆಂಡು ಗೋಡೆಯವರೆಗೂ ಓಡಿತು. ಬಾಲರಾಜು ಹೆದರಿ ನನ್ನ ಮುಖ ನೋಡಿದ. ನಾನು ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಮೈದಾನದ ಸುತ್ತ ಓಡಿದೆ. ನನಗಿಂತ ಉದ್ದ ಇದ್ದಾನೆ, ಕಾಲು ನೆಲಕ್ಕೆ ಎಳೆಯುತ್ತಿತ್ತು. ಕೇಕೆ ಹಾಕಿ ನಕ್ಕ. ಆಮೇಲೆ ಹೊಡೆದದ್ದೇ ಹೊಡೆದದ್ದು. ಪ್ರತಿ ಸಲವೂ ಹೊರಲೇಬೇಕು, ಇಲ್ಲದಿದ್ದರೆ ಕೈ ಚಾಚಿಕೊಂಡು ನಿಂತೇ ಇರುತ್ತಾನೆ.

ಮೀನಾಕ್ಷಿ ಮೇಡಂಗೆ ಮಾತ್ರ ಇದು ಸರಿ ಬರಲಿಲ್ಲ. "ಬಸವೇಶ್, ಹೊಡಿಯೋದು ಕಲಿಸಿದ್ರಿ. ಎಲ್ಲಿ ಹೊಡಿಬಾರ್ದು ಅನ್ನೋದು ಇವನಿಗೆ ಬೇರೆ ಪಾಠ. ಅದು ತಾನಾಗೇ ಬರಲ್ಲ. ಅದನ್ನೂ ನೀವೇ ಕಲಿಸ್ಬೇಕು," ಎಂದರು.

ಕಲಿಸೋಣ ಮೇಡಂ, ಪಂದ್ಯ ಮುಗಿಯಲಿ ಎಂದೆ. ಮಾಡಿದ ಕೆಲಸಕ್ಕೆ ಒಂದು ಭೇಷ್ ಎನ್ನಲು ಈ ಊರಿನಲ್ಲಿ ಯಾರಿಗೂ ಬಾಯಿ ಬರುವುದಿಲ್ಲ.

ನವೆಂಬರ್ 28, ಶುಕ್ರವಾರ

ಶಾಲೆಗೆ ರಜೆ ಇತ್ತು. ಬಾಲರಾಜು ನಾ ಕುರಿ ತೋರಿಸ್ತೀನಿ ಎಂದು ವಾರದಿಂದ ನನ್ನ ಜೀವ ತಿಂದಿದ್ದ. ಐಮಂಗಲದಲ್ಲಿ ಬಸ್ಸಿಳಿದು ಹೆದ್ದಾರಿ ದಾಟಿ ನಡೆದೆ. ಹಟ್ಟಿಯ ಮುಳ್ಳು ಬೇಲಿಯ ಹತ್ತಿರವೇ ಕಾದು ನಿಂತಿದ್ದ.

ಇವತ್ತಿನಷ್ಟು ಒಳ್ಳೆಯ ದಿನ ಈಚೆಗೆ ಬಂದಿರಲಿಲ್ಲ. ಗುಡ್ಡದ ಬುಡದಲ್ಲಿ ಕುರಿ ಮೇಯುತ್ತಿದ್ದವು. ಒಂದು ಗುಂಪು ಯಾರದೋ ಕಡಲೆ ಹೊಲದ ಕಡೆ ತಿರುಗಿತು. ಬಾಲರಾಜು ನನ್ನ ಜೊತೆ ಮಾತು ನಿಲ್ಲಿಸದೇ ಬಗ್ಗಿ ಕಲ್ಲೊಂದನ್ನು ಎತ್ತಿ ಎಸೆದ. ಮುಂದಿನ ಟಗರಿನ ಮೂತಿಯ ಎದುರಿಗೆ ಧೂಳೆದ್ದಿತು, ಗುಂಪೆಲ್ಲ ಹಿಂದಕ್ಕೆ ತಿರುಗಿತು. ಅಲ್ಲಿ ಅವನು ಬೇರೆಯೇ ಮನುಷ್ಯ. ನನ್ನ ಮುಂಗೈ ಹಿಡಿಯಲಿಲ್ಲ. ಮಧ್ಯಾಹ್ನ ರಾಗಿ ರೊಟ್ಟಿ ಮುರಿದು ದೊಡ್ಡ ಅರ್ಧವನ್ನು ನನಗೆ ಕೊಟ್ಟ. ಯಾರೂ ನನ್ನನ್ನು ನಿಷೇಧದ ಬಗ್ಗೆ ಕೇಳಲಿಲ್ಲ, ಏಕೆಂದರೆ ಅಲ್ಲಿ ಯಾರಿಗೂ ಕಬಡ್ಡಿ ಬೇಕಾಗಿರಲಿಲ್ಲ.

ಊಟ ಆದ ಮೇಲೆ ಸ್ವಲ್ಪ ಅಭ್ಯಾಸವನ್ನೂ ಮಾಡಿಸಿದೆ. ಚೆಂಡು ತಂದಿರಲಿಲ್ಲ, ಕಲ್ಲಿನಲ್ಲೇ ಆಯಿತು. ಕತ್ತಾಳೆ ಗಿಡ ತೋರಿಸಿ ಹೊಡಿ ಎಂದೆ, ಹೊಡೆದ. ಒಡೆದ ಮಡಕೆ, ಹುತ್ತದ ತುದಿ, ಬೇಲಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಬಾಟಲಿ. ಯಾವುದನ್ನೂ ಬಿಡಲಿಲ್ಲ. ಪ್ರತಿ ಏಟಿಗೂ ಬೆನ್ನ ಮೇಲೆ ಹೊತ್ತು ಕುಣಿಸಿದೆ. ಕುರಿಗಳು ತಲೆ ಎತ್ತಿ ನಮ್ಮನ್ನೇ ನೋಡುತ್ತಿದ್ದವು. ಹುಚ್ಚು ಹಿಡಿದಿದೆ ಈ ಇಬ್ಬರಿಗೂ ಎಂದುಕೊಂಡಿರಬೇಕು.

ಡಿಸೆಂಬರ್ 6, ಶನಿವಾರ

ಗೆದ್ದೆವು. ಚಿತ್ರದುರ್ಗದ ಕ್ರೀಡಾಂಗಣದಲ್ಲಿ, ಮುರುಗೇಶಪ್ಪನವರ ಕಣ್ಣೆದುರಿಗೇ.

ಫೈನಲ್‌ನಲ್ಲಿ ಹೊಳಲ್ಕೆರೆಯ ಜೋಡಿ. ಕೊನೆಯ ಚೆಂಡು ಉಳಿದಾಗ ಅವರ ಹಸಿರು ಚೆಂಡು ಬಿಳಿಯದಕ್ಕೆ ಒತ್ತಿಕೊಂಡು ಕೂತಿತ್ತು. ಬಾಲರಾಜು ನನ್ನನ್ನು ನೋಡಿದ. "ಹೊಡಿ," ಎಂದೆ. ಆ ಸದ್ದು ಈಗಲೂ ಕಿವಿಯಲ್ಲಿದೆ. ಹಸಿರು ಚೆಂಡು ಹಾರಿಹೋಯಿತು, ನಮ್ಮ ಕೆಂಪು ಚೆಂಡು ಅದರ ಜಾಗದಲ್ಲಿ ನಿಂತಿತು. ಜನರ ಎದುರಿಗೆ ಅವನನ್ನು ಹೊತ್ತುಕೊಂಡು ಓಡಿದೆ. ಪದಕ ಹಾಕಿದ ಕೂಡಲೇ ಬಾಲರಾಜು ಅದನ್ನು ಬಾಯಲ್ಲಿ ಇಟ್ಟುಕೊಂಡು ನೋಡಿದ, ರುಚಿ ಸೇರಲಿಲ್ಲ.

"ಪರವಾಗಿಲ್ಲ ಕಣಯ್ಯ ನೀನು," ಎಂದರು ಮುರುಗೇಶಪ್ಪ. "ಜನವರಿಯಾಗೆ ರಾಜ್ಯಮಟ್ಟ ಐತೆ. ಇದೇ ಥರ ಆಡು. ಕಾಗದ ನಾನು ರೆಡಿ ಮಾಡ್ತೀನಿ."

ನಿಜ ಹೇಳಬೇಕೆಂದರೆ, ಬಸ್ಸಿನಲ್ಲಿ ಬರುವಾಗ ನಿಷೇಧದ ವಿಷಯ ಹೆಚ್ಚು ನೆನಪಾಗಲಿಲ್ಲ. ಬಾಲರಾಜು ನನ್ನ ಭುಜದ ಮೇಲೆ ತಲೆ ಇಟ್ಟು ನಿದ್ದೆ ಮಾಡಿದ್ದ. ಐಮಂಗಲ ಬರುವವರೆಗೂ ನಾನು ಭುಜ ಅಲುಗಿಸಲಿಲ್ಲ.

ಡಿಸೆಂಬರ್ 10, ಬುಧವಾರ

ಬಾಲರಾಜು ಬರಲಿಲ್ಲ. ಯಲ್ಲಕ್ಕನ ಫೋನ್ ಸ್ವಿಚ್ ಆಫ್. ಒಬ್ಬನೇ ಚೆಂಡು ಉರುಳಿಸಿ ಬೇಜಾರಾಗಿ ಮನೆಗೆ ಬಂದೆ.

ಡಿಸೆಂಬರ್ 12, ಶುಕ್ರವಾರ

ಇವತ್ತೂ ಬರಲಿಲ್ಲವೆಂದು ನಾನೇ ಹಟ್ಟಿಗೆ ಹೋದೆ. ಹೋಗಬಾರದಿತ್ತು ಎಂದು ದಾರಿಯುದ್ದಕ್ಕೂ ಅಂದುಕೊಂಡು ವಾಪಸು ಬಂದೆ.

ಕುರಿ ಕೂಡುವ ರೊಪ್ಪದ ಹೊರಗೆ ಒಂದು ಗಬ್ಬದ ಕುರಿ ಮಲಗಿತ್ತು. ಮುಂಗಾಲಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿದ್ದರು. ಬಾಲರಾಜನ ಅಣ್ಣ ಜುಂಜಯ್ಯ ಅದಕ್ಕೆ ನೀರು ಕುಡಿಸುತ್ತಿದ್ದ. ನನ್ನನ್ನು ಕಂಡು "ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದ.

"ಏನಾತು?" ಎಂದೆ. ಕೇಳುವಾಗಲೇ ನನಗೆ ಗೊತ್ತಿತ್ತು.

"ತಮ್ಮ ಕಲ್ಲಾಗೆ ಹೊಡ್ದಾನೆ. ಸೋಮವಾರ ನಾನೇ ಕಣ್ಣಾರೆ ನೋಡ್ದೆ. ಮೇಯ್ತಾ ನಿಂತಿದ್ದ ಕುರಿ. ಅಡ್ಡಾನೂ ನುಗ್ಗಿರ್ಲಿಲ್ಲ, ಏನೂ ಇಲ್ಲ. ಗುರಿ ಇಟ್ಟು ಹೊಡ್ದ. ಕಾಲು ಮುರೀತು. ಓಡಿಹೋಗಿ ನೋಡಿದ್ರೆ ನಗ್ತಾವ್ನೆ ಸಾ. ಹುಟ್ಟಿದಾಗಿಂದ ಇವನು ಒಂದು ಮರಿಗೂ ತಾಗ್ಸಿದೋನಲ್ಲ. ತಲೆ ಇನ್ನೂ ಕೆಡಾಕೆ ಹತ್ತೈತೇನೋ. ಇನ್ನು ಇವನ ಕೈಗೆ ಕುರಿ ಬಿಡಾದಿಲ್ಲ."

ಬಾಲರಾಜು ಬೇವಿನ ಮರದ ಕೆಳಗೆ ಕೂತಿದ್ದ. ಕೈಯಲ್ಲಿ ಕೋಲು ಇರಲಿಲ್ಲ. ಕೊರಳಲ್ಲಿ ಪದಕ ಇತ್ತು. ನನ್ನನ್ನು ನೋಡಿದವನೇ ಎದ್ದು ಓಡಿ ಬಂದ. ಮಲಗಿದ್ದ ಕುರಿಯನ್ನು ತೋರಿಸಿ "ಬಸಣ್ಣ, ಹೊಡ್ದೆ!" ಎಂದ. ಎರಡೂ ಕೈ ಚಾಚಿ ನಿಂತ.

ಬೆನ್ನ ಮೇಲೆ ಹೊರಲಿ ಎಂದು.

ನಾನು ಮುಖ ತಿರುಗಿಸಿದೆ. ಅವನ ಕೈ ಹಾಗೇ ಚಾಚಿಕೊಂಡಿತ್ತು. ಜುಂಜಯ್ಯ "ಪಾಪ, ಏನ್ ಮಾಡೀನಿ ಅನ್ನಾದೇ ತಿಳಿಯಲ್ಲ ಅವಂಗೆ" ಎಂದ. ಯಲ್ಲಕ್ಕ ಮಜ್ಜಿಗೆ ತಂದುಕೊಟ್ಟರು. ಕುಡಿದೆ. ಗುಣ ಆಗ್ತದೆ ಬಿಡ್ರಿ ಎಂದೆ. ಕುರಿಯದ್ದೋ, ಬಾಲರಾಜನದ್ದೋ, ಯಾವುದು ಗುಣವಾಗುತ್ತದೆ ಎಂದು ಹೇಳಿದೆನೋ ನನಗೇ ಗೊತ್ತಿಲ್ಲ. ಎದ್ದು ಬಂದುಬಿಟ್ಟೆ.

ಡಿಸೆಂಬರ್ 13, ಶನಿವಾರ

ಬರೆಯಲು ಏನೂ ಇಲ್ಲ.

ಇದೆ. ಬರೆಯುವುದಿಲ್ಲ.

ಡಿಸೆಂಬರ್ 17, ಬುಧವಾರ

ಇವತ್ತು ಯಲ್ಲಕ್ಕ ಬಾಲರಾಜನನ್ನು ಕರೆತಂದರು. ಇಳಿದುಹೋಗಿದ್ದಾನೆ. ಬೆಳಿಗ್ಗೆ ಕುರಿ ಹೊರಡುವ ಹೊತ್ತಿಗೆ ರೊಪ್ಪದ ಬಾಗಿಲಿಗೆ ಹೋಗಿ ನಿಲ್ಲುತ್ತಾನಂತೆ. ಅಣ್ಣ ಕೈ ಹಿಡಿದು ಈಚೆ ಕೂರಿಸಿ, ಕುರಿ ಹೊಡೆದುಕೊಂಡು ಹೋಗುತ್ತಾನಂತೆ. ಅವು ಕಾಣುವವರೆಗೂ ನೋಡುತ್ತಾನೆ, ಆಮೇಲೆ ಊಟಕ್ಕೆ ಕರೆದರೂ ಬರುವುದಿಲ್ಲ.

"ಜುಂಜಯ್ಯಂಗೆ ಮಿಲ್ಲಿನ ಕೆಲಸ ಐತೆ, ಎಷ್ಟು ದಿನ ಅಂತ ಬಿಟ್ಟು ಕುರಿ ಕಾಯ್ತಾನೆ?" ಎಂದರು ಯಲ್ಲಕ್ಕ. "ಭಾನುವಾರ ವ್ಯಾಪಾರದೋರು ಬರ್ತಾರೆ. ಎಲ್ಲಾ ಕೊಟ್ಬಿಡ್ತಾನಂತೆ. ಕುರಿ ಹೋದ್ಮೇಲೆ ಇವನು ಏನ್ ಮಾಡ್ಲಪ್ಪ? ನಾನಿರೋವರ್ಗೂ ನನ್ನ ಸೆರಗು ಹಿಡ್ಕೊಂಡು ತಿರುಗ್ತಾನೆ. ಆಮೇಲೆ?"

ಆಕೆ ನನ್ನನ್ನು ಬೈಯುವುದಿರಲಿ, ನನ್ನ ತಟ್ಟೆಗೆ ಚಿತ್ರಾನ್ನ ಬಡಿಸಿದರು. ಇವನಿಗೆ ಸ್ನೇಹಿತ ಅಂತ ಸಿಕ್ಕಿದ್ದು ನೀನೊಬ್ಬನೇ ಎಂದರು. ತಟ್ಟೆಯನ್ನು ಕೆಳಗಿಟ್ಟೆ.

ಅವರು ಹೋದ ಮೇಲೆ ಮೀನಾಕ್ಷಿ ಮೇಡಂಗೆ ಎಲ್ಲ ಹೇಳಿದೆ. ಮುಖ ತಿರುಗಿಸಿದ್ದು, ಅಳಿಸಿದ್ದು, ಗುಡ್ಡದಲ್ಲಿ ಕಲ್ಲು ಹೊಡೆಸಿದ್ದು. ಆಕೆ ಕಿರುಚುತ್ತಾರೆ ಎಂದುಕೊಂಡಿದ್ದೆ. ದೊಡ್ಡ ಗಂಟಲು ಸಣ್ಣದಾಯಿತು.

"ಕಲ್ಲಿನಲ್ಲೂ ಮಾಡಿಸಿದ್ರಾ? ಕುರಿ ಮಧ್ಯೆ?"

"ಹೂಂ ಮೇಡಂ."

"ನನಗೆ ಹೇಳಿ ಏನು ಉಪಯೋಗ? ಅವರ ಮನೆಗೆ ಹೋಗಿ ಹೇಳಿ."

ನಾನು ರಾಜ್ಯಮಟ್ಟದ ಪಂದ್ಯದ ಮಾತು ತೆಗೆದೆ. ಆಕೆ ಚೆಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಒಳಗೆ ಹೋದರು. ನನ್ನ ಬಾಯಿಂದ ಆ ಹೊತ್ತಿನಲ್ಲಿ ಆ ಮಾತು ಹೇಗೆ ಬಂತು?

ಡಿಸೆಂಬರ್ 19, ಶುಕ್ರವಾರ

ಮುರುಗೇಶಪ್ಪನವರಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವರಿಗೆ ಸಿಟ್ಟು ಬಂತು.

"ಕುರಿ ಕಾಲು ಮುರಿದಿದ್ದಕ್ಕೆ ಯಾರಾದ್ರೂ ತಾವಾಗೇ ಹೋಗಿ ನಾನೇ ಕಾರಣ ಅಂತಾರೇನೋ? ಅವ್ರು ಶಾಲೆ ಮೇಲೆ ದೂರು ಕೊಟ್ರೆ? ಅಂಪೈರ್‌ಗೆ ಹೊಡ್ದೋನು ಈಗ ಆ ಹುಡುಗನ ಕೈಲೂ ಹೊಡೆಸಿದ ಅಂತಾರೆ. ಸಮಿತಿ ಮುಂದೆ ನಾನು ಏನಂತ ಬಾಯಿ ಬಿಡ್ಲಿ? ತೆಪ್ಪಗಿರು. ನಿನ್ನ ಕಾಗದ ಟೇಬಲ್ ಮೇಲೆ ಐತೆ."

ಅಂಪೈರ್‌ಗೆ ಹೊಡೆದ ದಿನ ನನಗೆ ಸರಿಯಾಗಿ ನಿದ್ದೆ ಬಂದಿತ್ತು. ಮೊನ್ನೆಯಿಂದ ಇಲ್ಲ. ಅಂಗಡಿಯಲ್ಲಿ ಕೂತರೆ ಹಿಂಡಿ ಕೊಳ್ಳಲು ಬರುವ ಎಲ್ಲರೂ ತಮ್ಮ ಕುರಿ, ಮೇಕೆಗಳ ಮಾತನ್ನೇ ಆಡುತ್ತಾರೆ. ಅಪ್ಪ ಮೈ ಹುಷಾರಿಲ್ಲವಾ ಎಂದು ಹಣೆ ಮುಟ್ಟಿ ನೋಡಿದರು. ಅವರಿಗೂ ಹೇಳಲಿಲ್ಲ. ಹೇಡಿ ನಾನು. ಇದನ್ನು ಬರೆಯಲು ಒಂದು ಹಾಳೆ ಸಾಕು, ಹೇಳಲು ಬಾಯಿ ಬೇಕು.

ಭಾನುವಾರ ಹೋಗುತ್ತೇನೆ. ಇಲ್ಲಿ ಬರೆದಿಟ್ಟರೆ ಹೋಗದೆ ಇರಲು ನಾಚಿಕೆಯಾಗಬಹುದು ಎಂದು ಬರೆದಿದ್ದೇನೆ.

ಡಿಸೆಂಬರ್ 21, ಭಾನುವಾರ

ಹೋಗಿ ಬಂದೆ. ಎಲ್ಲವನ್ನೂ ಬರೆಯುತ್ತೇನೆ. ನಾಳೆಯಾದರೆ ನನಗೆ ಅನುಕೂಲವಾಗುವ ಹಾಗೆ ನೆನಪಿಟ್ಟುಕೊಳ್ಳುತ್ತೇನೆ.

ವ್ಯಾಪಾರದವರು ಇನ್ನೂ ಬಂದಿರಲಿಲ್ಲ. ರೊಪ್ಪದ ಮುಂದೆ ಜುಂಜಯ್ಯ, ಯಲ್ಲಕ್ಕ, ಹಟ್ಟಿಯ ಹಿರಿಯರಾದ ಪಾಲಣ್ಣ, ಇನ್ನೂ ಕೆಲವರು ಕೂತಿದ್ದರು. ಬಾಲರಾಜು ಬೇಲಿಯ ಸಂದಿನಿಂದ ಕುರಿಗಳನ್ನು ನೋಡುತ್ತಿದ್ದ. ಮತ್ತೆ ಕಂಬಳಿ ಹಾಸಿದರು. ನಾನು ಕೂರಲಿಲ್ಲ.

"ಜುಂಜಯ್ಯಣ್ಣ, ಕುರಿ ಮಾರಬೇಡಿ. ಬಾಲರಾಜಂಗೆ ಏನೂ ಆಗಿಲ್ಲ. ಕುರಿಗೆ ಹೊಡಿಯೋಕೆ ಕಲಿಸಿದ್ದು ನಾನು," ಎಂದೆ.

ಎಲ್ಲ ಹೇಳಿದೆ. ಅವನ ಅವ್ವ ಮನೆಯ ಕಟ್ಟುಪಾಡು ತಿಳಿಸಿದ ಮೇಲೂ ಕಲಿಸಿದ್ದನ್ನು ಹೇಳಿದೆ. ಕಬಡ್ಡಿಗೆ ವಾಪಸು ಹೋಗುವ ಆಸೆಗೆ ಕಲಿಸಿದ್ದನ್ನೂ ಹೇಳಿದೆ. ಯಲ್ಲಕ್ಕನ ಮುಖ ನೋಡಲು ಆಗದೆ ನೆಲ ನೋಡಿಕೊಂಡು ಹೇಳಿದೆ. ಮಾತು ಮುಗಿದು ತಲೆ ಎತ್ತಿದರೆ, ಜುಂಜಯ್ಯನ ಕಣ್ಣಲ್ಲಿ ನೀರು.

"ಅವನ ಮೇಲೆ ನಿಮಗೆ ಎಷ್ಟು ಪ್ರೀತಿ ಐತೆ ಸಾ," ಎಂದ. "ಅವನ ತಪ್ಪು ನಿಮ್ಮ ಮೇಲೆ ಹಾಕ್ಕೊಳ್ಳಾಕೆ ಹಿರಿಯೂರಿಂದ ಬಂದೀರಿ."

"ಅಲ್ಲಣ್ಣ, ನಿಜವಾಗ್ಲೂ ನಾನೇ."

"ಚೆಂಡಾಟ ಆಡಿದ್ರೆ ಕುರಿಗೆ ಕಲ್ಲು ಹೊಡಿತಾರೇನಪ್ಪ?" ಎಂದರು ಪಾಲಣ್ಣ. "ಊರಾಗಿನ ಹುಡುಗ್ರೆಲ್ಲ ಆಡಂಗಿಲ್ಲವಾ? ಹಿಂಗೆ ಸುಳ್ಳು ಹೇಳಾಕೂ ಒಳ್ಳೆ ಮನಸ್ಸು ಬೇಕು. ಕುಂತ್ಕಾ."

ನಾನು ಜೀವನದಲ್ಲಿ ಹೇಳಿದ ಬಹಳ ಸುಳ್ಳುಗಳನ್ನು ಜನ ನಂಬಿದ್ದಾರೆ. ಈ ಒಂದು ನಿಜಕ್ಕೆ ಸಾಕ್ಷಿ ಬೇಕಾಯಿತು. ಸಾಕ್ಷಿ ಎಂದರೆ ಒಂದೇ. ನಾನು ಹೊಡಿ ಎಂದರೆ ಅವನು ಹೊಡೆಯುತ್ತಾನೆ ಎಂದು ಅವರ ಕಣ್ಣಿಗೆ ತೋರಿಸಬೇಕು. ಮರ, ಮಡಕೆಗೆ ಹೊಡೆಸಿದರೆ ಅದನ್ನು ಅವರು ಆಟ ಎನ್ನುತ್ತಾರೆ. ಜೀವ ಇರುವುದೇ ಬೇಕು. ಇನ್ನೊಂದು ಕುರಿಯನ್ನು ತೋರಿಸಲು ನನ್ನಿಂದ ಸಾಧ್ಯವೇ ಇರಲಿಲ್ಲ.

ಬಯಲಿಗೆ ಹೋಗಿ ನಿಂತೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿದೆ. ಏನು ಮಾಡುತ್ತೇನೆಂದು ಅವರಿಗೆ ತಿಳಿಯುವ ಮೊದಲೇ ಕರೆದೆ.

"ಬಾಲಾ, ಕಲ್ಲು ತಗೊ."

ಅವನು ಖುಷಿಯಿಂದ ಓಡಿ ಬಂದ. ಎಷ್ಟೋ ದಿನದ ಮೇಲೆ ನಾನು ಅವನ ಹೆಸರು ಕರೆದಿದ್ದೆ. ಒಂದು ಕಲ್ಲು ಹುಡುಕಿಕೊಂಡ. ನಾನು ನನ್ನ ಕಾಲು ತೋರಿಸಿದೆ.

"ಹೊಡಿ."

ಅವನ ನಗು ನಿಂತಿತು. ಕಾಲು ನೋಡಿದ, ನನ್ನ ಮುಖ ನೋಡಿದ. ಯಲ್ಲಕ್ಕ "ಬ್ಯಾಡಪ್ಪ, ಬ್ಯಾಡ" ಎಂದು ಎದ್ದರು. ಪಾಲಣ್ಣ ತಡೆದರು.

"ಹೊಡಿ ಲೇ. ಬಸಣ್ಣ ಹೇಳ್ತಾ ಇದೀನಿ. ಹೊಡಿ!"

ಅವನು ಅಲುಗಲಿಲ್ಲ. ಕೊನೆಗೆ ನಾನು ಆ ಹಳೆಯ ಕೆಲಸವನ್ನೇ ಮಾಡಿದೆ. ಕೈ ಹಿಂದಕ್ಕೆ ಕಟ್ಟಿಕೊಂಡು ಮುಖ ತಿರುಗಿಸಿದೆ. ಅವನನ್ನು ಉಳಿಸಲು ಎಂದು ನನಗೆ ನಾನೇ ಹೇಳಿಕೊಂಡೆ. ಹಿಂದೆ ಅವನು ಅಳುವುದು ಕೇಳಿಸಿತು. ಅಳುತ್ತಲೇ ಕೈ ಬೀಸಿದ ಸದ್ದೂ ಕೇಳಿಸಿತು. ಕಣ್ಣು ಮುಚ್ಚಿಕೊಂಡೆ. ತಾಗಲಿ ಎಂದು ನಿಜವಾಗಿ ಬೇಡಿಕೊಂಡೆ.

ಕಲ್ಲು ನನ್ನ ಬಲಗಾಲಿನ ಪಕ್ಕಕ್ಕೆ ಬಿತ್ತು. ಮಣ್ಣು ಹಾರಿತು, ಕಲ್ಲು ತಾಗಲಿಲ್ಲ. ನಾನು ಬೆದರಿ, ನನಗೇ ತಿಳಿಯದೆ ಎಡಕ್ಕೆ ಸರಿದುಬಿಟ್ಟೆ.

ಮೊದಲು ನಕ್ಕವರು ಪಾಲಣ್ಣ. "ಲೇ ಜುಂಜ, ನೋಡ್ದೇನೋ? ಕುರಿ ತಿರುಗ್ಸಿದಂಗೆ ತಿರುಗ್ಸಿದ! ಅಷ್ಟು ಹೇಳಿದ್ರೂ ತಾಗ್ಸಲಿಲ್ಲ. ಇವನ ಕೈ ಸರಿ ಐತೆ ಕಣೋ. ಮೊನ್ನೆದು ಏನೋ ಗ್ರಹಚಾರ. ವ್ಯಾಪಾರದೋರಿಗೆ ಬರಬ್ಯಾಡ ಅನ್ನು."

ಜುಂಜಯ್ಯ ಎದ್ದು ಹೋಗಿ ತಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡ. ಒಳಗಿಂದ ಕೋಲು ತಂದು ಕೈಗೆ ಕೊಟ್ಟ. ನಾನು ಮತ್ತೆ ಬಾಯಿ ಬಿಟ್ಟೆ. ಮೊನ್ನೆಯದು ಗ್ರಹಚಾರ ಅಲ್ಲ, ನಾನು ಎಂದೆ. ಜುಂಜಯ್ಯ "ಆತು ಬಿಡ್ರಿ ಸಾ, ಒಂದು ವಾರ ನಾನೂ ಜೊತಿಗೆ ಇರ್ತೀನಿ" ಎಂದ. ನನ್ನನ್ನು ಸಮಾಧಾನ ಮಾಡುವವನ ಹಾಗೆ ಭುಜ ತಟ್ಟಿದ. ಯಲ್ಲಕ್ಕ ಮಾತ್ರ ನಗಲಿಲ್ಲ, ಭುಜ ತಟ್ಟಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡಿದರು. ಆಕೆಗೆ ಗೊತ್ತು. ನೀರಿನ ತೊಟ್ಟಿಯ ಹಿಂದೆ ಅತ್ತ ದಿನ ಮಗನ ಕಣ್ಣು ಯಾಕೆ ಊದಿತ್ತು ಎಂದು ಈಗ ತಿಳಿದಿರಬೇಕು. ಆದರೂ ಮುದ್ದೆ ಇಟ್ಟು, ಉಣ್ಣು ಎಂದರು. ಒಂದು ಸಲ ಬಾಯ್ತುಂಬ ಬೈದಿದ್ದರೆ ಉಣ್ಣುವುದು ಸುಲಭವಾಗುತ್ತಿತ್ತು.

ರಾಜ್ಯಮಟ್ಟಕ್ಕೆ ನಾನು ಆಡುವುದಿಲ್ಲ ಎಂದು ಮೇಡಂಗೆ ಹೇಳುತ್ತೇನೆ. ಆಡುವುದೇ ಆದರೆ ಅವನು ತನಗೆ ಬಂದ ಹಾಗೆ ಉರುಳಿಸಲಿ, ಪಕ್ಕದಲ್ಲಿ ನಿಲ್ಲಿಸಲಿ, ನಾವು ಸೋಲೋಣ. ಎಲ್ಲಿ ಹೊಡೆಯಬಾರದು ಎಂಬ ಆ ಎರಡನೆಯ ಪಾಠವನ್ನು ಹೇಗೆ ಕಲಿಸಬೇಕೆಂದು ಆಕೆಯನ್ನೇ ಕೇಳಬೇಕು. ಮುರುಗೇಶಪ್ಪನವರ ಕಾಗದ ಟೇಬಲ್ ಮೇಲೆ ಎಷ್ಟು ದಿನ ಬೇಕಾದರೂ ಇರಲಿ.

ಮಧ್ಯಾಹ್ನ ಕುರಿಗಳ ಹಿಂದೆ ನಾವು ಮೂವರೂ ಗುಡ್ಡದವರೆಗೆ ಹೋದೆವು. ಜುಂಜಯ್ಯ ಮುಂದೆ ಹೋಗಿದ್ದ. ಬಾಲರಾಜು ನನ್ನ ಜೊತೆ ಹಿಂದೆ ಉಳಿದ. ನಡೆಯುತ್ತಿದ್ದವನು ಇದ್ದಕ್ಕಿದ್ದಂತೆ ನಿಂತು, ಮಡಿಚಿದ ಪ್ಯಾಂಟಿನ ಕೆಳಗೆ ನನ್ನ ಕಾಲು ನೋಡಿದ. ಅಲ್ಲಿ ಏನೂ ಆಗಿರಲಿಲ್ಲ. ಮಣ್ಣು ಕೂಡ ಉದುರಿಹೋಗಿತ್ತು.

"ಬಸಣ್ಣ, ನೋವಾತಾ?" ಎಂದ.

"ಹೂಂ ಬಾಲಾ. ಆತು," ಎಂದೆ.

ಅವನು ಕೋಲು ಕೆಳಗಿಟ್ಟು ಕೂತ. ಕಲ್ಲು ತಾಗದ ಆ ಜಾಗವನ್ನು ಎರಡೂ ಕೈಯಿಂದ ನಿಧಾನವಾಗಿ ಉಜ್ಜಿದ.